ಮತ್ತು ಪಿಯಾನೊ

ಸೋಮವಾರವೆಂದರೆ ಕೆಂಪು ಕಾಳು ಬೇಯಿಸುವ ದಿನ, ಬಟ್ಟೆ ಒಗೆಯುವ ದಿನ. ಇಂಥ ದಿನ ನೋಡಿಕೊಂಡು ಯಾರಾದರೂ ಮಣ್ಣಿಗೆ ಹೋಗುತ್ತಾರೆಯೇ ಎಂದು ಓಡೀಲ್ ದುವೆರ್ನೆ ಎದ್ದಾಗಿನಿಂದ ಸಿಡುಕುತ್ತಿದ್ದಳು. ಸಿಡುಕಿಗೆ ಕಾರಣ ಸೋಮವಾರವಲ್ಲ ಎಂದು ಅವಳಿಗೂ ಗೊತ್ತಿತ್ತು, ಒಲೆಯ ಮುಂದೆ ನಿಂತು ಈರುಳ್ಳಿ ಹೆಚ್ಚುತ್ತಿದ್ದ ತಂಗಿಯ ಮಗಳು ಎರ್ಮೀನ್‌ಗೂ ಗೊತ್ತಿತ್ತು. ವಾಲ್ಸಿನ್ ಮೆಟೊಯೆ ಸತ್ತಿದ್ದ. ಕಾರ್ನೆಟ್ ವಾಲ್ಸಿನ್, ಆ ಗಿಡ್ಡ ತುತ್ತೂರಿಯವನು. ಜಾಜ್ ಎಂಬ ಹೆಸರು ಹುಟ್ಟುವ ಮೊದಲೇ ನ್ಯೂ ಆರ್ಲಿಯನ್ಸಿನ ಬೀದಿಗಳಲ್ಲಿ ಅದನ್ನು ಊದಿದವನು ಎಂದು ಪತ್ರಿಕೆಯಲ್ಲಿ ಅವನ ಫೋಟೊ ಹಾಕಿದ್ದರು. ಇವತ್ತು ಅವನ ಮೆರವಣಿಗೆ ಇದೇ ಬೀದಿಯಲ್ಲಿ ಹಾದು ಸ್ಮಶಾನಕ್ಕೆ ಹೋಗುವುದಿತ್ತು. ಇವತ್ತೇ ವಿಶ್ವವಿದ್ಯಾಲಯದ ಆ ಹುಡುಗ ರೆಕಾರ್ಡರ್ ಹೊತ್ತುಕೊಂಡು ಬರುವುದೂ ಇತ್ತು. ಓಡೀಲ್ ಎರಡರಲ್ಲಿ ಒಂದನ್ನು ಆರಿಸಿಕೊಂಡಾಗಿತ್ತು.

"ತಾಂತ್, ಚರ್ಚಿಗಾದ್ರೂ ಹೋಗ್ಬರೋಣ," ಎಂದಳು ಎರ್ಮೀನ್. ಅವಳಿಗೆ ಐವತ್ತಾದರೂ ಚಿಕ್ಕವಳಿದ್ದಾಗ ಕರೆದಂತೆಯೇ ದೊಡ್ಡಮ್ಮನನ್ನು ತಾಂತ್ ಎನ್ನುತ್ತಿದ್ದಳು. "ಎಷ್ಟು ವರ್ಷ ಒಟ್ಟಿಗೆ ನುಡಿಸಿದ್ದೀರ."

"ನಾನು ನುಡಿಸಿದ್ದೀನಿ. ಅವನು ಊದಿದ್ದಾನೆ. ಒಟ್ಟಿಗೆ ಅಂತ ಯಾರಂದ್ರು?"

"ಜನ ಏನಂದ್ಕೋತಾರೆ?"

"ಪಿಯಾನೊ ಬರ್ಲಿಲ್ಲ ಅಂದ್ಕೋತಾರೆ. ಪಿಯಾನೊ ಯಾವತ್ತು ಹೆಣದ ಹಿಂದೆ ಹೋಗಿದೆ ಹೇಳು."

ಹೊರಗೆ ತರಕಾರಿ ಗಾಡಿಯ ಸಿಲ್ವೆಸ್ತ್ರ್ ಬೆಂಡೇಕಾಯಿ, ಕಲ್ಲಂಗಡಿ ಎಂದು ರಾಗವಾಗಿ ಕೂಗುತ್ತ ಬಂದ. ಓಡೀಲ್ ಬಾಗಿಲಲ್ಲಿ ನಿಂತು ಬೆಂಡೆಕಾಯಿಯ ತುದಿ ಮುರಿದು ನೋಡಿದಳು. "ಬೇಗ ಬೇಗ ಆರಿಸ್ಕೊಳ್ಳಿ ಮಿಸ್ ಓಡೀಲ್," ಎಂದ ಅವನು. "ಬ್ಯಾಂಡಿನ ಸದ್ದು ಕೇಳಿದ್ರೆ ಈ ನನ್ನ ಹೇಸರಗತ್ತೆ ನಿಲ್ಲೋದಿಲ್ಲ, ಕುಣ್ಕೊಂಡು ಹೊರಟುಬಿಡ್ತದೆ." ಓಡೀಲ್ ಹೇಸರಗತ್ತೆಯ ಮುಖ ನೋಡಿ, "ಅದಾದ್ರೂ ಹೋಗ್ಲಿ," ಎಂದು ಒಳಗೆ ಬಂದಳು.

ಹೋದ ವಾರ ಹೀಗಿರಲಿಲ್ಲ. ಹೋದ ವಾರ ಅವಳು ಕಸೂತಿಯ ಕಾಲರಿದ್ದ ಕಪ್ಪು ಅಂಗಿ ತೊಟ್ಟು, ಕಾಫಿಗೆ ಹಾಲು ಕಾಯಿಸಿಟ್ಟು, ಕಾಯುತ್ತ ಕುಳಿತಿದ್ದಳು. ಪೆಟಿಗ್ರೂ ಎಂಬ ಆ ಬಿಳಿಯ ಹುಡುಗ ಮೊದಲ ಸಲ ಬಂದಾಗ ಹ್ಯಾಟು ತೆಗೆದು ಮಿಸ್ ದುವೆರ್ನೆ ಎಂದಿದ್ದ. ಅವನ ಬಣ್ಣದವರು ಅವಳನ್ನು ಎಪ್ಪತ್ತಾರು ವರ್ಷದಿಂದ ಬರೀ ಓಡೀಲ್ ಎನ್ನುತ್ತ ಬಂದಿದ್ದರು. ಅದೊಂದಕ್ಕೇ ಅವಳು ಅವನನ್ನು ಒಳಗೆ ಬಿಟ್ಟದ್ದು. ಹಳೆಯ ಕಾಲದ ಜಾಜ್‌ನವರ ಮಾತನ್ನೆಲ್ಲ ಟೇಪಿನ ಸುರುಳಿಗಳಲ್ಲಿ ತುಂಬಿಕೊಂಡು ಕಾಪಿಡುತ್ತಾರಂತೆ, ನೂರು ವರ್ಷದ ನಂತರವೂ ಯಾರಾದರೂ ಕೇಳಬಹುದಂತೆ. ಬಿಳಿಯರಿಗೆ ಮಾತ್ರ ತೆರೆದಿದ್ದ ಅವನ ವಿಶ್ವವಿದ್ಯಾಲಯದ ಮುಂಬಾಗಿಲಲ್ಲಿ ಅವಳು ಕಾಲಿಡುವಂತಿರಲಿಲ್ಲ. ದನಿ ಮಾತ್ರ ಹೋಗಬಹುದಿತ್ತು. ಹೋಗಲಿ, ದನಿಯಾದರೂ ಹೋಗಿ ಅಲ್ಲಿನ ಒಳ್ಳೆಯ ಕುರ್ಚಿಯಲ್ಲಿ ಕೂರಲಿ ಎಂದು ಅವಳು ಒಂದು ಗಂಟೆ ಮಾತಾಡಿದಳು. ಸುರುಟು ಸುತ್ತುತ್ತಿದ್ದ ಅಪ್ಪ, ಬೆರಳ ಮೇಲೆ ರೂಲುಕಟ್ಟಿಗೆಯಿಂದ ಹೊಡೆಯುತ್ತಿದ್ದ ಪಾಠದ ಮೇಡಂ, ಬೋನ್ ಅಮಿ ಸಂಘದ ಹಾಲಿನಲ್ಲಿ ಶನಿವಾರದ ಕುಣಿತ. ಎಲ್ಲ ಚೆನ್ನಾಗಿತ್ತು. ಆಮೇಲೆ ಹುಡುಗ 'ಮೀನುಪೇಟೆ' ಎಂಬ ಹಾಡು ನುಡಿಸಿ ಎಂದ. ಅವಳು ನುಡಿಸಿದಳು. ಅವನು ಬಹಳ ಮೆತ್ತಗೆ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ, "ಇದನ್ನ ಒಂದ್ಸಲ ಮೊದಲಿನಿಂದ ನುಡಿಸ್ತೀರಾ?" ಎಂದ. ಓಡೀಲ್ ಪಿಯಾನೊದ ಮುಚ್ಚಳ ಹಾಕಿ, ಶ್ರುತಿ ಸರಿಯಿಲ್ಲ ಎಂದು ಸುಳ್ಳು ಹೇಳಿದಳು. ಆ ಹಾಡಿನ ಮೊದಲ ಭಾಗ ಅವಳಿಗೆ ಗೊತ್ತಿರಲಿಲ್ಲ. ಕೊನೆಯೂ ಗೊತ್ತಿರಲಿಲ್ಲ.

ಅಪ್ಪ ಪಿಯಾನೊ ಕೊಂಡದ್ದು ಮಗಳಿಗೆ ಒಳ್ಳೆಯ ಕಡೆ ಮದುವೆಯಾಗಲಿ ಎಂದು. ಒಳ್ಳೆಯ ಮನೆಯ ಹುಡುಗಿಯರು ಬ್ಯಾಂಡಿನ ಹಿಂದೆ ಕುಣಿಯುತ್ತ ಹೋಗುವ ಜನರ ಜೊತೆ ಸೇರಬಾರದು. ಆದ್ದರಿಂದ ಬೀದಿಯ ಕೊನೆಯಲ್ಲಿ ಡ್ರಮ್ಮಿನ ಸದ್ದು ಎದ್ದ ಕೂಡಲೇ ಮರದ ಪಟ್ಟಿಗಳ ಬಾಗಿಲು ಮುಚ್ಚಿ, ಚಿಲಕ ಹಾಕಿ, ಓಡೀಲಳನ್ನು ಅದರ ಹಿಂದೆ ಕೂರಿಸುತ್ತಿದ್ದರು. ಸತ್ತ ಸದಸ್ಯರನ್ನು ಬ್ಯಾಂಡಿನೊಂದಿಗೆ ಹೊತ್ತೊಯ್ಯುವ ಬೋನ್ ಅಮಿ ಸಂಘದವರು ಹೆಣ ಇಳಿಸಿ ಹಿಂದಿರುಗುವಾಗ ಊದುತ್ತಿದ್ದ ಹಾಡು ಆ 'ಮೀನುಪೇಟೆ'. ಅದು ಶುರುವಾಗುತ್ತಿದ್ದುದು ಸ್ಮಶಾನದ ಗೇಟಿನಲ್ಲಿ, ಮುಗಿಯುತ್ತಿದ್ದುದು ಸಂಘದ ಹಾಲಿನ ಮೆಟ್ಟಿಲಲ್ಲಿ. ಈ ಮನೆ ಎರಡರ ನಡುವೆ ಇತ್ತು. ಎಲ್ಲೋ ದೂರದಲ್ಲಿ ಏನೋ ಒಂದು ಮಿಸುಕುತ್ತಿತ್ತು, ಮೂಲೆ ತಿರುಗುವಾಗ ಒಮ್ಮೆಲೇ ಹಾಡಾಗುತ್ತಿತ್ತು, ಮನೆಯ ಗೋಡೆ, ಕನ್ನಡಿ, ಅಪ್ಪನ ಗಾಜಿನ ಲೋಟಗಳನ್ನೆಲ್ಲ ಅದುರಿಸಿ, ಆಚೆ ಮೂಲೆಯಲ್ಲಿ ತಿರುಗಿ, ಇಲ್ಲವಾಗುತ್ತಿತ್ತು. ಅವಳು ಪಟ್ಟಿಯ ಸಂದಿಯಲ್ಲಿ ಬೆರಳು ತೂರಿಸಿ ತಾಳ ಹಾಕುತ್ತಿದ್ದಳು. ಆಮೇಲೆ ಪಿಯಾನೊದ ಮುಂದೆ ಕೂತು, ಪಾಠದ ನಡುವೆ, ಕೇಳಿದಷ್ಟನ್ನು ನುಡಿಸುತ್ತಿದ್ದಳು. ಮೆತ್ತಗೆ ಬಂದದ್ದನ್ನು ಮೆತ್ತಗೆ, ಅದುರಿಸಿದ್ದನ್ನು ಅದುರಿಸಿ. ಎಡಗೈಯಲ್ಲಿ ಜನರ ಕಾಲುಗಳು, ಬಲಗೈಯಲ್ಲಿ ಉಳಿದದ್ದೆಲ್ಲ.

ಬೆಳೆದ ಮೇಲೆ ಕೇಳಿದ್ದರೆ ಯಾರಾದರೂ ಹೇಳಿಕೊಡುತ್ತಿದ್ದರು. ಅಪ್ಪ ಸತ್ತ ಮೇಲೆ ಬೀದಿಗಿಳಿದು ಎರಡು ಮೂಲೆಯಾಚೆ ನಡೆದಿದ್ದರೂ ಸಾಕಿತ್ತು. ಅವಳು ಕೇಳಲಿಲ್ಲ, ನಡೆಯಲೂ ಇಲ್ಲ. ಸಂಘದ ಹಾಲಿನಲ್ಲಿ ಕುಣಿತಕ್ಕೆ ಅವಳನ್ನು ಪಿಯಾನೊಗೆ ಕರೆದರು. ಅಲ್ಲಿ ವಾಲ್ಟ್ಸ್ ಬೇಕು, ಪೋಲ್ಕಾ ಬೇಕು, ಹಾಳೆ ನೋಡಿ ನುಡಿಸಬಲ್ಲವರು ಬೇಕು. ಸ್ಮಶಾನದಿಂದ ಹಿಂದಿರುಗುವ ಹಾಡನ್ನು ಮಾತ್ರ ಸೂರಿನ ಕೆಳಗೆ ಊದುವುದಿಲ್ಲ, ಊದಿದರೆ ಮನೆಗೊಂದು ಸಾವು ಎಂದು ಗಂಡಸರು ಹೆದರುತ್ತಿದ್ದರು. ಅವರು ಬಿಯರ್ ಕುಡಿಯಲು ಹಿತ್ತಲಿಗೆ ಹೋದಾಗ ಅವಳೊಬ್ಬಳೇ ಅದನ್ನು ನುಡಿಸಿಕೊಳ್ಳುತ್ತಿದ್ದಳು. ಹಿತ್ತಲಿನಿಂದ ವಾಲ್ಸಿನ್ ಕೂಗುತ್ತಿದ್ದ: "ಓಡೀಲ್, ಹಾಡಿನ ತಲೆ ಎಲ್ಲಿ ಬಿಟ್ಟು ಬಂದೆ? ಬಾಲ ಯಾರಿಗೆ ಕೊಟ್ಟೆ?" ಎಲ್ಲರೂ ನಗುತ್ತಿದ್ದರು. ಆ ಹಾಲಿನ ಬಾಗಿಲಿಗೆ ಅಂಟಿಸುತ್ತಿದ್ದ ಕಾಗದದಲ್ಲಿ ಏಳು ಗಂಡಸರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತಿತ್ತು, ಕೆಳಗೆ ಸಣ್ಣದಾಗಿ: ಮತ್ತು ಪಿಯಾನೊ. ಒಮ್ಮೆ ಬ್ಯಾಂಡಿನ ಫೋಟೊ ತೆಗೆಯಲು ಒಬ್ಬ ಬಂದ. ಒಳಗೆ ಬೆಳಕು ಸಾಲದು, ಎಲ್ಲರೂ ಹಿತ್ತಲಿಗೆ ಬನ್ನಿ ಎಂದ. ಪಿಯಾನೊ ಹಿತ್ತಲಿಗೆ ಬರುವ ಹಾಗಿರಲಿಲ್ಲ. ಅವಳು ಪಿಯಾನೊದ ಪಕ್ಕ ನಿಂತು, ಕೂದಲು ಸರಿಮಾಡಿಕೊಂಡು, ಇನ್ನೇನು ಕರೆಯುತ್ತಾರೆ ಎಂದು ಕಾದಳು. ಹೊರಗೆ ಕ್ಯಾಮೆರಾ ಟಕ್ ಎಂದಿತು. ಅದೇ ಫೋಟೊ ಈಗ ಪತ್ರಿಕೆಯಲ್ಲಿ ಬಂದದ್ದು.

ಹೋದ ವಾರ ಮುಚ್ಚಳ ಹಾಕಿದ ಮೇಲೆ ಅವಳೇ ಕೇಳಿದಳು. ಕೇಳಬಾರದಿತ್ತು. "ವಾಲ್ಸಿನ್ ಹತ್ರಾನೂ ಹೋಗಿದ್ರಂತಲ್ಲ. ನನ್ನ ವಿಷಯ ಏನಾದ್ರೂ ಅಂದ್ನಾ?" ಹುಡುಗ ಕಿವಿಯವರೆಗೆ ಕೆಂಪಾದ. ಚೀಲದಲ್ಲಿ ಆ ಸುರುಳಿ ಇತ್ತು; ಸುಳ್ಳು ಹೇಳಲು ಬಾರದ ಹುಡುಗ, ತೆಗೆದು ರೆಕಾರ್ಡರಿಗೆ ಹಾಕಿದ. ವಾಲ್ಸಿನ್ನನ ಕೆಮ್ಮು, ನಗು, ಕುರ್ಚಿಯ ಕಿರುಗು ಎಲ್ಲ ಅವಳ ಕೋಣೆಗೆ ಬಂದವು. "ಪಿಯಾನೊನಾ? ಹೂಂ, ಇತ್ತು. ಒಬ್ಬಳು ಹುಡುಗಿ ಇದ್ಲು. ಆದ್ರೆ ನಮ್ಮದು ಬೀದಿ ಸಂಗೀತ ಕಣಪ್ಪ. ಪಿಯಾನೊ ಬೀದೀಲಿ ನಡೀತದಾ? ಕಾಲಿಲ್ಲ ಅದಕ್ಕೆ. ಎಲ್ಲಾ ನಡುವಿಂದ ಶುರು ಮಾಡೋಳು, ಕೊನೆ ಬರೋದ್ರೊಳಗೆ ಬಿಡೋಳು. ಆ ಹುಡುಗಿಗೆ..." ಅಷ್ಟರಲ್ಲಿ ಸುರುಳಿ ಮುಗಿದು, ಟೇಪಿನ ತುದಿ ಪಟ ಪಟ ಎಂದು ಹೊಡೆದುಕೊಳ್ಳತೊಡಗಿತು. ಮುಂದಿನ ಸುರುಳಿ ಆಫೀಸಿನಲ್ಲಿದೆ, ಸೋಮವಾರ ತರುತ್ತೇನೆ ಎಂದ ಹುಡುಗ. ಬೇಡ ಎಂದಳು ಓಡೀಲ್. ಎಪ್ಪತ್ತಾರು ವರ್ಷದವಳು ಇನ್ನೂ ಒಬ್ಬಳು ಹುಡುಗಿ, ಹೆಸರೂ ಇಲ್ಲ. ಹುಡುಗ ಹೋದ ಮೇಲೆ ಅವಳು ಕನ್ನಡಿಯ ಮುಂದೆ ನಿಂತು, ಕಿವಿಯೋಲೆ ಬಿಚ್ಚುತ್ತ, ನಿನ್ನ ಬಾಯಿ ಸೇದಿಹೋಗಲಿ ವಾಲ್ಸಿನ್ ಎಂದು ಸ್ಪಷ್ಟವಾಗಿ ಹೇಳಿದಳು. ವಾರದೊಳಗೆ ಅವನಿಗೆ ಲಕ್ವ ಹೊಡೆಯಿತು. ಮಾತು ನಿಂತು, ಮಾರನೆಯ ದಿನ ಉಸಿರೂ ನಿಂತಿತು. ಸುದ್ದಿ ಬಂದಾಗ ಅವಳು ಒಂದು ಮೇಣದ ಬತ್ತಿ ಹಚ್ಚಿದಳು. ಅವನು ಎಲ್ಲಿಂದಲೋ ನೋಡಿ ಹಲ್ಲು ಕಿರಿಯುತ್ತಿರಬಹುದು ಎನ್ನಿಸಿ ಊದಿ ಆರಿಸಿದಳು. ಆಮೇಲೆ ಮತ್ತೆ ಹಚ್ಚಿದಳು.

ಪೆಟಿಗ್ರೂ ಬಂದಾಗ ಕಾಳು ಕುದಿಯುತ್ತಿತ್ತು. ಅವನು ಕಪ್ಪು ಟೈ ಕಟ್ಟಿಕೊಂಡು ಬಂದಿದ್ದ. "ಮಿಸ್ ದುವೆರ್ನೆ, ಇವತ್ತು ಬೇಕಾದ್ರೆ ಬಿಡೋಣ. ನಾನು ಇನ್ನೊಂದು ದಿನ ಬರ್ತೀನಿ. ಚರ್ಚಿನಲ್ಲಿ ಎಲ್ಲರೂ ಇದ್ದಾರೆ."

"ಎಲ್ಲರೂ ಅಲ್ಲ. ನಾನಿಲ್ಲಿದ್ದೀನಿ. ಮೈಕು ಇಡಿ."

ಅವನು ಮೈಕನ್ನು ಪಿಯಾನೊದ ಮೇಲಿಟ್ಟ. ಸುರುಳಿಗಳು ತಿರುಗತೊಡಗಿದವು. ಮೊದಲ ಪ್ರಶ್ನೆ ಅವನ ಬಾಯಿಂದ ಹೊರಡುವ ಮೊದಲೇ ಬೀದಿಯ ಕೊನೆಯಲ್ಲಿ ಆ ಸದ್ದು ಎದ್ದಿತು. ಸಣ್ಣ ಡ್ರಮ್ಮಿನ ಅಡಿಗೆ ಕರವಸ್ತ್ರ ಸಿಕ್ಕಿಸಿರುತ್ತಾರೆ, ಹೋಗುವಾಗ ಅದು ಗಂಟಲು ಕಟ್ಟಿದವರ ಹಾಗೆ ಕೇಳುತ್ತದೆ. ಒಂದು ಹೆಜ್ಜೆ, ನಿಲುವು, ಇನ್ನೊಂದು ಹೆಜ್ಜೆ. ಹುಡುಗ ರೆಕಾರ್ಡರಿನ ಗುಂಡಿಗೆ ಕೈ ಹಾಕಿದ. ಅವಳು ಬೇಡವೆಂದು ಕೈ ಆಡಿಸಿದಳು. ಸತ್ತವನಿಗೆ ಬೇಕಾದವರ ಮನೆಯ ಮುಂದೆ ಮೆರವಣಿಗೆ ನಿಲ್ಲುತ್ತದೆ, ಒಂದು ಸಾಲು ಊದಿ, ಹ್ಯಾಟು ತೆಗೆದು, ಮುಂದೆ ಹೋಗುತ್ತದೆ. ಯಾವ ಯಾವ ಮನೆ ಎಂದು ಮನೆಯವರು ಮೊದಲೇ ಹೇಳಿಟ್ಟಿರುತ್ತಾರೆ. ಅವಳಿಗೆ ಇದರಲ್ಲಿ ಏನೂ ಆಸೆಯಿಲ್ಲ. ಅವಳು ಬೆನ್ನು ನೇರ ಮಾಡಿ, ಬೀದಿಯ ಕಡೆ ತಿರುಗದೆ ಕೂತಿದ್ದಳು. ಡ್ರಮ್ಮು ಕ್ಷೌರದಂಗಡಿಯ ಎದುರು ಬಂದು ನಿಂತಿತು. ಟ್ರಾಂಬೋನು ಒಂದು ಸಾಲು ಅತ್ತಿತು. ಇನ್ನು ಇಲ್ಲಿಗೆ ಬರಬೇಕು. ಅವಳ ಕೈ ತಾನಾಗಿಯೇ, ಇವತ್ತೂ ತೊಟ್ಟಿದ್ದ ಅದೇ ಅಂಗಿಯ ಕಾಲರಿನ ಕಸೂತಿಯನ್ನು ಸರಿಮಾಡಿತು, ಸಂಘದ ಹಾಲಿನಲ್ಲಿ ಫೋಟೊದ ದಿನ ಕೂದಲು ಸರಿಮಾಡಿದ ಕೈಯೇ ಇದು, ಅದಕ್ಕೆ ಬುದ್ಧಿ ಬರಲಿಲ್ಲ. ಹೆಜ್ಜೆಗಳು ಬಂದವು, ಪಟ್ಟಿಯ ಸಂದಿಗಳಲ್ಲಿ ಕಪ್ಪು ಕೋಟುಗಳು ಒಂದೊಂದಾಗಿ ಹಾದವು. ನಿಲ್ಲಲಿಲ್ಲ. ಆಚೆ ಮೂಲೆಯಲ್ಲಿ ಸದ್ದು ತಿರುಗಿ ಸಣ್ಣದಾಯಿತು.

ಅಡುಗೆಮನೆಯ ಬಾಗಿಲಲ್ಲಿ ಎರ್ಮೀನ್ ಸೌಟು ಹಿಡಿದು ನಿಂತಿದ್ದಳು. ಅವಳು ನೋಡಿಬಿಟ್ಟಳೆಂದು ಇನ್ನೂ ಅವಮಾನವಾಯಿತು. ಕ್ಷೌರದವನ ಮುಂದೆ ನಿಂತರು! ವಾಲ್ಸಿನ್ನನ ಮೀಸೆ ಕತ್ತರಿಸಿದ್ದಕ್ಕೆ ಸಿಕ್ಕ ಮರ್ಯಾದೆ ಅವನ ಹಾಡುಗಳನ್ನೆಲ್ಲ ಕೆಳಗಿನಿಂದ ಎತ್ತಿ ಹಿಡಿದವಳಿಗೆ ಸಿಗಲಿಲ್ಲ. ಓಡೀಲ್ ಮೈಕಿನ ಕಡೆ ಬಾಗಿದಳು. "ತಗೊಳ್ಳಿ, ಇದನ್ನೂ ಇಟ್ಕೊಳ್ಳಿ ನೂರು ವರ್ಷ. ವಾಲ್ಸಿನ್ ಮೆಟೊಯೆಗೆ ತಾಳ ನಿಲ್ತಿರ್ಲಿಲ್ಲ. ಮೇಲಿನ ಸ್ವರ ಸಿಗದೇ ಇದ್ದಾಗ ಕಣ್ಣು ಮುಚ್ಕೊಂಡು, ಬೇಕಂತಲೇ ಬಿಟ್ಟೆ ಅನ್ನೋ ಹಾಗೆ ನಿಲ್ಲೋನು. ಆಗ ಆ ಜಾಗ ತುಂಬಿಸಿದ್ದು ಯಾರು? ಒಬ್ಬಳು ಹುಡುಗಿ! ಅವಳ ಹೆಸರು..." ಅಲ್ಲಿಗೆ ಅವಳು ಮೈಕಿನಿಂದ ಹಿಂದೆ ಸರಿದಳು. ಹೇಳಿದ್ದೆಲ್ಲ ನಿಜವಾಗಿತ್ತು, ಆದರೆ ಅವನು ಈಗ ಮೂಲೆಯಾಚೆ ಮರದ ಪೆಟ್ಟಿಗೆಯೊಳಗೆ ಹೋಗುತ್ತಿದ್ದ, ಉತ್ತರ ಕೊಡಲು ಬಾಯಿಲ್ಲದೆ. ಸತ್ತವನ ಜೊತೆ ಜಗಳಕ್ಕೆ ನಿಂತ ಮುದುಕಿಯ ದನಿಯೇ ನೂರು ವರ್ಷ ಉಳಿಯುವುದು. ಅವಳಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು.

ಪೆಟಿಗ್ರೂ ಎರ್ಮೀನ್ ತಂದುಕೊಟ್ಟ ಕಾಫಿಯನ್ನು ನಿಧಾನವಾಗಿ ಕುಡಿದು ಮುಗಿಸಿದ. ಆಮೇಲೆ, "ಮಿಸ್ ದುವೆರ್ನೆ, ನೀವು ನಡುವಿಂದ ಯಾಕೆ ಶುರು ಮಾಡ್ತೀರಿ?" ಎಂದ.

ಯಾರೂ ಕೇಳಿರಲಿಲ್ಲ. ಅರವತ್ತು ವರ್ಷ ಎಲ್ಲರೂ ನಕ್ಕಿದ್ದರು, ಯಾಕೆ ಎಂದು ಯಾರೂ ಕೇಳಿರಲಿಲ್ಲ. ಅವಳು ಎದ್ದು ಬಾಗಿಲ ಹತ್ತಿರ ಹೋಗಿ, ಮರದ ಪಟ್ಟಿಗಳ ಸಂದಿಯಲ್ಲಿ ಬೆರಳು ತೂರಿಸಿ ತೋರಿಸಿದಳು. "ಇಲ್ಲಿಂದ ಅಷ್ಟೇ ಕೇಳ್ತಿತ್ತು," ಎಂದಳು. "ಸ್ಮಶಾನದ ಗೇಟಲ್ಲಿ ಏನು ಊದ್ತಾರೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ. ಆದ್ರೆ ಕೇಳಿದ್ದನ್ನ ಒಂದು ಸ್ವರ ಬಿಟ್ಟಿಲ್ಲ, ಕೇಳು." ಅವಳು ಅರಿವಿಲ್ಲದೆ ಅವನನ್ನು ಏಕವಚನದಲ್ಲಿ ಕರೆದಳು. ಪಿಯಾನೊದ ಮುಂದೆ ಕೂತು ನುಡಿಸಿದಳು. ಮೊದಲು ಕೀಲಿಗಳ ಮೇಲೆ ಬೆರಳು ಇದೆಯೋ ಇಲ್ಲವೋ ಎನ್ನುವಷ್ಟು. ಆಮೇಲೆ ಮೂಲೆ ತಿರುಗಿತು. ಹುಡುಗ ತನ್ನರಿವಿಲ್ಲದೆ ಕಿಟಕಿಯ ಕಡೆ ನೋಡಿದ, ಬೀದಿಯಲ್ಲಿ ನಿಜವಾಗಿ ಯಾರೋ ಬರುತ್ತಿದ್ದಾರೆಂದು. ಕಪಾಟಿನ ಲೋಟಗಳು ಅದುರಿದವು. ಎಡಗೈ ನಡೆಯುತ್ತಿತ್ತು, ಭಾರದ ಗಂಡಸರು, ಕೊಡೆ ಹಿಡಿದ ಹೆಂಗಸರು, ಬರಿಗಾಲಿನ ಮಕ್ಕಳು. ಆಮೇಲೆ ಆಚೆ ಮೂಲೆ. ಕೊನೆಯ ಸ್ವರ ನಿಂತದ್ದು ಯಾವಾಗ ಎಂದು ಹೇಳುವಂತಿರಲಿಲ್ಲ.

ಸದ್ದು ನಿಲ್ಲಲಿಲ್ಲ. ಅವಳ ಕೈ ತೊಡೆಯ ಮೇಲಿತ್ತು. ಡ್ರಮ್ಮು ಹೊರಗೆ ಕೇಳುತ್ತಿತ್ತು. ಕರವಸ್ತ್ರ ತೆಗೆದಿದ್ದರು. ವಾಲ್ಸಿನ್ನನನ್ನು ಇಳಿಸಿಯಾಗಿತ್ತು, ಇನ್ನು ಅಳುವುದು ಮುಗಿಯಿತು, ಬೀದಿಗೆ ಬೀದಿಯೇ ಎದ್ದು ಬರುತ್ತಿತ್ತು. 'ಮೀನುಪೇಟೆ', ನಡುಭಾಗ, ಅವಳ ಭಾಗ. ಮೂಲೆ ತಿರುಗಿತು. ಗೋಡೆ ಅದುರಿತು. ಹಾದು ಹೋಗಲಿ ಎಂದು ಅವಳು ಕಣ್ಣು ಮುಚ್ಚಿದಳು. ಹಾಡು ಒಮ್ಮೆಲೇ ಕತ್ತರಿಸಿದಂತೆ ನಿಂತಿತು, ನೂರಾರು ಕಾಲುಗಳು ತಡವರಿಸಿ ನಿಂತವು. ಬಾಗಿಲಿನ ಪಟ್ಟಿಯ ಮೇಲೆ ಯಾರೋ ಉಂಗುರದ ಬೆರಳಿನಿಂದ ಬಡಿದರು.

ವಾಲ್ಸಿನ್ನನ ಮಗಳು ಕ್ಲೋತೀಲ್ ಕಪ್ಪು ಮುಸುಕು ಹಿಂದಕ್ಕೆ ಎಸೆದುಕೊಂಡು ನಿಂತಿದ್ದಳು. ಬೆವರಿಳಿಯುತ್ತಿತ್ತು. ಅವಳ ಪಕ್ಕದಲ್ಲಿ ಟ್ರಾಂಬೋನಿನ ಮುದಿ ಗುಸ್ತಾವ್, ಸಂಘದ ಹಾಲಿನ ಹಳೆಯ ಬ್ಯಾಂಡಿನಲ್ಲಿ ಬದುಕುಳಿದಿದ್ದವನು ಅವನೊಬ್ಬನೇ.

"ಮಿಸ್ ಓಡೀಲ್, ಅಪ್ಪ ಮೊದ್ಲೇ ಹೇಳಿಟ್ಟಿದ್ರು," ಎಂದಳು ಕ್ಲೋತೀಲ್. "ಹೋಗುವಾಗ ಓಡೀಲ್ ಮನೆ ಮುಂದೆ ನಿಲ್ಲಬೇಡಿ, ನನ್ನನ್ನ ಅಳಿಸೋಕೆ ಬಂದ ಅಂತ ಬೈತಾಳೆ. ಬರುವಾಗ ನಿಲ್ಲಿ ಅಂದ್ರು. ಅವರ ಮಾತಲ್ಲೇ ಹೇಳ್ತೀನಿ: ನಾವು ಹುಡುಗರಿದ್ದಾಗಿಂದ ಆ ಬಾಗಿಲ ಸಂದೀಲಿ ಎರಡು ಬೆರಳು ಕಾಣೋದು, ನಾವು ಒಂದ್ಸಲಾನೂ ನಿಲ್ಲಲಿಲ್ಲ. ಆ ಹುಡುಗಿಗೆ ಹಾಡಿನ ತಲೆ ಬಾಲ ನಾವೇ ಕೊಡ್ಲಿಲ್ಲ, ಆಮೇಲೆ ನಾವೇ ನಕ್ಕೆವು. ಪೂರ್ತಿ ಊದಿ ಬನ್ನಿ ಅಂದ್ರು."

ಆ ಹುಡುಗಿಗೆ. ಸುರುಳಿ ಕಡಿದುಹೋದದ್ದು ಅಲ್ಲೇ. ಓಡೀಲ್ ಒಳಗೆ ತಿರುಗಿ ನೋಡಿದಳು. ಪೆಟಿಗ್ರೂ ಮೆಲ್ಲಗೆ ತಲೆಯಾಡಿಸಿದ, ಆಫೀಸಿನ ಸುರುಳಿಯಲ್ಲೂ ಇದೇ ಇದೆ ಎನ್ನುವಂತೆ. ಅವಳಿಗೆ ಮೊದಲು ಬಂದದ್ದು ಅಳು, ಅದರ ಹಿಂದೆಯೇ ಕೆಟ್ಟ ಸಿಟ್ಟು. ಬದುಕಿದ್ದಾಗ ನಾಲ್ಕು ಹೆಜ್ಜೆ ಬಂದು ಹೇಳಲು ಅವನಿಗೇನಾಗಿತ್ತು ಧಾಡಿ? ಕನ್ನಡಿಯ ಮುಂದೆ ತಾನು ಆಡಿದ ಮಾತು ನೆನಪಾಯಿತು. ಎಲ್ಲ ಒಟ್ಟಿಗೇ ಬಂತು, ಎಲ್ಲದರ ಕೆಳಗೆ ಅವಳ ಎಡಗೈ ಮಾತ್ರ ಅಂಗಿಯ ಮೇಲೆ ತಾಳ ಹಾಕುತ್ತಲೇ ಇತ್ತು.

"ಕುರ್ಚಿ ತಂದು ಬಾಗಿಲಲ್ಲಿ ಕೂತ್ಕೊ ಓಡೀಲ್," ಎಂದ ಗುಸ್ತಾವ್. "ಊದ್ತೀವಿ, ಕೇಳು."

"ಕೇಳಿದ್ದು ಸಾಕು," ಎಂದಳು ಓಡೀಲ್. ಬಾಗಿಲಿನ ಎರಡೂ ರೆಕ್ಕೆ ಗೋಡೆಗೆ ಬಡಿಯುವಂತೆ ತೆರೆದಳು. "ವಾಲ್ಸಿನ್ನನ್ನ ಹೊತ್ತೋರು ಯಾರ್ಯಾರು? ಒಳಗೆ ಬನ್ನಿ. ಇದನ್ನ ಎತ್ತಿ."

ಎದೆಗೆ ಸಂಘದ ಪಟ್ಟಿ ಧರಿಸಿದ ಗಂಡಸರು ಮುಖ ಮುಖ ನೋಡಿಕೊಂಡರು. "ಪಿಯಾನೊನಾ? ಬೀದಿಗಾ?"

"ಅದಕ್ಕೆ ಕಾಲಿಲ್ಲವಂತೆ. ನಿಮಗಿದೆಯಲ್ಲ? ಸಿಲ್ವೆಸ್ತ್ರ್! ಎಲ್ಲಿ ಹಾಳಾಗಿಹೋದೆ? ಗಾಡಿ ಖಾಲಿ ಮಾಡು!"

ಸಿಲ್ವೆಸ್ತ್ರ್ ಜನರ ಹಿಂದೆಯೇ ಇದ್ದ, ಹೇಸರಗತ್ತೆ ಹೇಳಿದಂತೆ ಕೇಳಿರಲಿಲ್ಲ. "ಅಯ್ಯೋ, ನನ್ನ ಕಲ್ಲಂಗಡಿ!" ಎಂದು ಅವನು ಬಾಯಿ ಬಡಿದುಕೊಳ್ಳುವಷ್ಟರಲ್ಲಿ ಕಲ್ಲಂಗಡಿಗಳು ಕೈಯಿಂದ ಕೈಗೆ ಹೋಗಿ, ಎಲ್ಲೋ ಒಂದು ಒಡೆದು, ಯಾರೋ ತಿನ್ನತೊಡಗಿದ್ದರು. ಎಂಟು ಜನ ಪಿಯಾನೊಗೆ ಹೆಗಲು ಕೊಟ್ಟರು. ಹೊಸ್ತಿಲು ದಾಟುವಾಗ ಅದು ಒಳಗಿನಿಂದ ಗೊಣಗಿತು. "ಮೆಟೊಯೆಗಿಂತ ಇದೇ ವಾಸಿ, ಅವನು ಇನ್ನೂ ಭಾರ," ಎಂದ ಒಬ್ಬ, ಕ್ಲೋತೀಲ್ ಅಳುತ್ತ ನಕ್ಕಳು. ಗಾಡಿಯ ಹಲಗೆ ಕಿರುಗುಟ್ಟಿ ಬಾಗಿತು, ಮುರಿಯಲಿಲ್ಲ. ಬೆಂಡೆಕಾಯಿಯ ಖಾಲಿ ಪೆಟ್ಟಿಗೆಯ ಮೇಲೆ ದಿಂಬು ಹಾಕಿ ಓಡೀಲಳನ್ನು ಕೈ ಹಿಡಿದು ಹತ್ತಿಸಿದರು. ಪೆಟಿಗ್ರೂ ಮೈಕು ಹಿಡಿದು ಓಡಿ ಬಂದ. ವಯರು ಹೊಸ್ತಿಲಿಗೇ ಮುಗಿಯಿತು. ಅವನು ಅಲ್ಲೇ ಬಾಗಿಲ ಪಟ್ಟಿಗೆ ಆತುಕೊಂಡು, ಮೈಕನ್ನು ಹೊರಗೆ ಚಾಚಿ ನಿಂತ.

ಎತ್ತರದಿಂದ ಬೀದಿ ಬೇರೆಯಾಗಿತ್ತು. ಹ್ಯಾಟುಗಳ, ಕೊಡೆಗಳ ಮೇಲ್ಭಾಗ ಅವಳು ಎಂದೂ ನೋಡಿರಲಿಲ್ಲ. ಎಳೆಯ ಕಾರ್ನೆಟ್ಟಿನವನೊಬ್ಬ ತುಟಿ ಒರೆಸಿಕೊಂಡು, "ಮೊದಲಿಂದ ತಗೊಳ್ಳೋಣ್ವಾ ಮಿಸ್ ಓಡೀಲ್?" ಎಂದ. ಅವಳು ಕೀಲಿಗಳ ಮೇಲೆ ಎಡಗೈ ಇಟ್ಟಳು. ಅವಳು ಯಾವತ್ತೂ ಶುರು ಮಾಡುತ್ತಿದ್ದ ಕಡೆಯಿಂದಲೇ, ನಟ್ಟನಡುವಿನಿಂದ. ಕಾರ್ನೆಟ್ಟು ಗಲಿಬಿಲಿಯಾಯಿತು. ಗುಸ್ತಾವ್ ಹಲ್ಲಿಲ್ಲದ ಕಡೆಯಿಂದ ಗಹಗಹಿಸಿ, "ಅವಳೆಲ್ಲಿ ಹಿಡಿದಳೋ ಅಲ್ಲೇ ಹಿಡೀರೋ! ಹಿಂದೆ ನಡೀರಿ!" ಎಂದು ಟ್ರಾಂಬೋನು ಎತ್ತಿದ. ದೊಡ್ಡ ಡ್ರಮ್ಮು ಅವಳ ಎಡಗೈಯ ಕೆಳಗೆ ಬಂದು ಸೇರಿತು. ಹೇಸರಗತ್ತೆ ತಲೆ ಕೊಡವಿ ಹೆಜ್ಜೆ ಹಾಕಿತು. ಮನೆ ಹಿಂದೆ ಸರಿಯಿತು, ಕ್ಷೌರದಂಗಡಿ ಹಿಂದೆ ಸರಿಯಿತು. ಕ್ಷೌರದವನು ಕತ್ತರಿ ಹಿಡಿದುಕೊಂಡೇ ಕುಣಿಯುತ್ತಿದ್ದ. ಮೂಲೆ ಬಂತು. ಇಲ್ಲಿಯವರೆಗೆ ಹಾಡು ಅವಳದು, ಬೆರಳುಗಳಿಗೆ ಗೊತ್ತಿದ್ದದ್ದು. ಮೂಲೆ ತಿರುಗಿತು, ಹಾಡು ಹೋಗಲಿಲ್ಲ. ಅವಳ ಜೊತೆಗೇ ಇತ್ತು.

ಮುಂದಿನದು ಅವಳಿಗೆ ಗೊತ್ತಿರಲಿಲ್ಲ. ಕಾರ್ನೆಟ್ಟು ಒಂದು ಸಾಲು ಇಳಿಯಿತು, ಅವಳು ಅದರ ಹಿಂದೆಯೇ ಇಳಿದಳು; ಕತ್ತಲ ಮೆಟ್ಟಿಲಲ್ಲಿ ಕಾಲು ಹುಡುಕುವಂತೆ ಒಂದು ಸ್ವರ ತಪ್ಪಿತು, ಎರಡನೆಯದು ಸಿಕ್ಕಿತು. ಸಂಘದ ಹಾಲಿನ ಮೆಟ್ಟಿಲು ಕಂಡಾಗ ಎಲ್ಲರೂ ಸೇರಿ ಒಂದೇ ಸಲ ಕುಟ್ಟಿ ನಿಲ್ಲಿಸುವ ಆ ಕೊನೆ ಬಂತು. ಇಷ್ಟೇ! ಎಂಥ ಸಾದಾ ಕೊನೆ. ಇದಕ್ಕೋಸ್ಕರ ಅರವತ್ತು ವರ್ಷ ನಾಚಿಕೊಂಡೆನಲ್ಲ ಎಂದು ಅವಳಿಗೆ ನಗು ಬಂತು. ನಿಲ್ಲಿಸಲು ಎಲ್ಲರೂ ಉಸಿರು ಬಿಟ್ಟರು, ಅವಳು ಬಿಡಲಿಲ್ಲ. ಎಡಗೈ ನಡೆಯುತ್ತಲೇ ಇತ್ತು. ಗುಸ್ತಾವ್‌ಗೆ ತಿಳಿಯಿತು, ಕಣ್ಣು ಹೊಡೆದು ಮೊದಲ ಸಾಲು ಹಿಡಿದ, ಸ್ಮಶಾನದ ಗೇಟಿನ ಸಾಲು, ಅವಳು ಎಂದೂ ಕೇಳದಿದ್ದ ತಲೆ. ಅದು ಬಂದು ಸೇರಿದ್ದು ಅವಳ ನಡುವಿಗೇ. ಸುತ್ತು ಪೂರ್ತಿಯಾಯಿತು. ಎಲ್ಲಿಂದ ಶುರು ಮಾಡಿದರೂ ಇದೇ ಸುತ್ತು, ಅವಳೇನೂ ತಪ್ಪು ನುಡಿಸಿರಲಿಲ್ಲ. "ಇನ್ನೊಂದ್ಸಲ!" ಎಂದು ಅವಳು ಕೂಗಿದಳು. ಸಿಲ್ವೆಸ್ತ್ರ್ ಹೇಸರಗತ್ತೆಯನ್ನು ತಿರುಗಿಸಿದ. ಬ್ಯಾಂಡೆಲ್ಲ ಪಿಯಾನೊದ ಹಿಂದೆ ತಿರುಗಿತು, ಕುಣಿಯುವ ಜನವೂ ತಿರುಗಿತು. ವಾಲ್ಸಿನ್, ನೋಡಿಕೊ, ನಡೆಯುತ್ತದೆ ಎಂದು ಅವಳು ಮನಸ್ಸಿನಲ್ಲಲ್ಲ, ಬಾಯಿಬಿಟ್ಟೇ ಹೇಳಿದಳು.

ಪಿಯಾನೊವನ್ನು ಮತ್ತೆ ಒಳಗಿಡಿಸಿ, ಬ್ಯಾಂಡಿನವರ ಬೆನ್ನು ತಟ್ಟಿ, ಸಿಲ್ವೆಸ್ತ್ರ್‌ಗೆ ಹೊಟ್ಟೆ ತುಂಬ ಊಟ ಮಾಡಿ ಹೋಗಲು ಹೇಳಿ ಅವಳು ಕುರ್ಚಿಗೆ ಬಿದ್ದಳು. ಪೆಟಿಗ್ರೂನ ಟೈ ಎಲ್ಲೋ ಹೋಗಿತ್ತು. ಅವನು ಸುರುಳಿ ಹಿಂದಕ್ಕೆ ಸುತ್ತಿ ಹಾಕಿದ. ಸತ್ತವನ ಮೇಲೆ ಅವಳು ಕೂಗಾಡಿದ್ದು ಮೊದಲು ಬಂತು. "ಇದನ್ನ ಅಳಿಸಲಾ?" ಎಂದ ಹುಡುಗ. "ಯಾಕೆ? ತಾಳ ನಿಲ್ತಿರ್ಲಿಲ್ಲ ಅನ್ನೋದು ನಿಜಾನೇ. ಇರ್ಲಿ," ಎಂದಳು. ಆಮೇಲೆ ಟೇಪಿನಲ್ಲಿ ಗಾಡಿ ಹೊರಟಿತು. ಪಿಯಾನೊ ಹತ್ತಿರದಲ್ಲಿ ದೊಡ್ಡದಾಗಿ, ಮೂಲೆಯ ಹತ್ತಿರ ಸಣ್ಣದಾಗಿ, ಮೂಲೆ ತಿರುಗಿ ಇಲ್ಲವಾಯಿತು. ಬಹಳ ಹೊತ್ತು ಟೇಪಿನಲ್ಲಿ ಪಾತ್ರೆಯ ಮುಚ್ಚಳ ಕುಣಿಯುವ ಸದ್ದು, ಕಾಳು ತಳ ಹಿಡಿಯಿತೆಂದು ಎರ್ಮೀನ್ ಯಾರನ್ನೋ ಬೈಯುವ ಸದ್ದು, ಬಾಗಿಲಲ್ಲಿ ನಿಂತ ಹುಡುಗನ ಉಸಿರು. ಅವನು ಅಲ್ಲಿಂದ ಕೇಳಿದ್ದು ಅಷ್ಟೇ. ಓಡೀಲ್ ಅವನ ಕಡೆ ನೋಡಿ ಪಾಪ ಎಂದುಕೊಂಡಳು. ಆಮೇಲೆ ದೂರದಲ್ಲಿ ಏನೋ ಮಿಸುಕಿತು. ಪಿಯಾನೊ ವಾಪಸು ಬರುತ್ತಿತ್ತು.

ಎರ್ಮೀನ್ ತಟ್ಟೆಗಳಿಗೆ ಅನ್ನದ ಮೇಲೆ ಕಾಳು ಬಡಿಸಿದಳು, ಸ್ವಲ್ಪ ಸೀದ ವಾಸನೆ ಬರುತ್ತಿತ್ತು, ಆದರೂ ಎಲ್ಲರೂ ತಿನ್ನತೊಡಗಿದರು. ಪೆಟಿಗ್ರೂ ಸುರುಳಿಯ ಡಬ್ಬಿಯ ಮೇಲೆ ಬರೆಯಲು ಪೆನ್ನು ತೆಗೆದ. "ಇದರ ಮೇಲೆ ಏನಂತ ಬರೀಲಿ, ಮಿಸ್ ದುವೆರ್ನೆ? ವಾಲ್ಸಿನ್ ಮೆಟೊಯೆ ಅವರ ಮೆರವಣಿಗೆ ಅಂತಲಾ?"

ಓಡೀಲ್ ಬಾಯಲ್ಲಿದ್ದ ತುತ್ತು ನುಂಗಿ, ಕಾಲರು ಸರಿಮಾಡಿಕೊಂಡಳು.

"ದಪ್ಪ ಅಕ್ಷರದಲ್ಲಿ ಬರಿ. ಓಡೀಲ್ ದುವೆರ್ನೆ, ಪಿಯಾನೊ." ಅವನು ಬರೆದು ಮುಗಿಸುವವರೆಗೆ ಕಾದಳು. "ಕೆಳಗೆ ಸಣ್ಣದಾಗಿ: ಮತ್ತು ಬ್ಯಾಂಡು."